ಗಣಿತ ಬೋಧನೆಯ ರಾಷ್ಟ್ರೀಯ ಮಾನದಂಡ: ಬರೆಯುವುದು ಹೇಗೆ, ತಿದ್ದುವುದು ಹೇಗೆ

ಶಾಲಾ ಗಣಿತದ ಪಠ್ಯಕ್ರಮ ಸಮಿತಿ ಸೇರಿದೊಡನೆ ಮೇಜಿನ ಮೇಲೆ ಬರುವುದು ಹಳೆಯ ಪಠ್ಯಪುಸ್ತಕದ ಪರಿವಿಡಿ. ಯಾವ ಅಧ್ಯಾಯ ಉಳಿಯಲಿ, ಯಾವುದು ಹೋಗಲಿ, ಯಾವುದು ಐದನೆಯ ತರಗತಿಯಿಂದ ಆರಕ್ಕೆ ಸರಿಯಲಿ ಎಂಬ ಚರ್ಚೆಯಲ್ಲೇ ಕಾರ್ಯಾಗಾರದ ಹೊತ್ತು ಕಳೆದುಹೋಗುತ್ತದೆ. ಮಕ್ಕಳು ಏನು ಕಲಿಯಬೇಕು, ಕಲಿತದ್ದು ನಮಗೆ ಹೇಗೆ ಕಾಣಬೇಕು, ಅದಕ್ಕಾಗಿ ಶಿಕ್ಷಕರು ತರಗತಿಯಲ್ಲಿ ಏನು ಮಾಡಬೇಕು ಎಂಬ ಪ್ರಶ್ನೆಗಳು ಕೊನೆಯ ಅರ್ಧ ಗಂಟೆಗೆ ಉಳಿಯುತ್ತವೆ.

ಅಂಥ ಸಮಿತಿಯಲ್ಲಿ ಕೂರುವವರಿಗೆ, ಕರಡು ಪ್ರಕಟವಾದಾಗ ಅಭಿಪ್ರಾಯ ಬರೆಯಬೇಕೆಂದಿರುವ ಶಿಕ್ಷಕರಿಗೆ, ಜಿಲ್ಲಾ ಶಿಕ್ಷಕ ತರಬೇತಿ ಸಂಸ್ಥೆಗಳಾದ ಡಯಟ್‌ಗಳ ಉಪನ್ಯಾಸಕರಿಗೆ ಈ ಲೇಖನ. ಉದಾಹರಣೆಗೆಂದು ನಾನು ಮುಖ್ಯವಾಗಿ ಹಿಡಿದುಕೊಂಡಿರುವುದು ಅಮೆರಿಕದ ಗಣಿತ ಶಿಕ್ಷಕರ ರಾಷ್ಟ್ರೀಯ ಮಂಡಳಿಯನ್ನು. 1920ರಲ್ಲಿ ಹುಟ್ಟಿದ, ಎನ್‌ಸಿಟಿಎಂ ಎಂದು ಹೆಸರಾದ ಈ ಸಂಘಕ್ಕೆ ಸರ್ಕಾರದ ಅಧಿಕಾರವಿಲ್ಲ. ಆದರೂ 1986ರಿಂದ 2000ದವರೆಗೆ ಅದು ಶಾಲಾ ಗಣಿತಕ್ಕೆ ಮಾನದಂಡಗಳನ್ನು ಬರೆಯಿತು, ಕಟುವಾದ ಟೀಕೆಗಳನ್ನು ಎದುರಿಸಿತು, ತಿದ್ದಿ ಮತ್ತೆ ಬರೆಯಿತು. ಎಲ್ಲವೂ ಬಹಿರಂಗವಾಗಿ ನಡೆದಿದ್ದರಿಂದ ಏನು ಫಲಿಸಿತು, ಎಲ್ಲಿ ಎಡವಟ್ಟಾಯಿತು ಎಂಬುದು ಇಂದಿಗೂ ಸ್ಪಷ್ಟವಾಗಿ ಓದಸಿಗುತ್ತದೆ. ನಮ್ಮ 2005 ಮತ್ತು 2023ರ ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟುಗಳನ್ನೂ ಜೊತೆಗಿಟ್ಟುಕೊಳ್ಳುತ್ತೇನೆ.

ನಾನು ಒತ್ತಿ ಹೇಳಬೇಕಾದ್ದು ಒಂದೇ. ಮಾನದಂಡದ ಪ್ರತಿಯೊಂದು ವಾಕ್ಯಕ್ಕೂ ಮಗುವಿನ ನೋಟ್‌ಬುಕ್ಕಿನಲ್ಲಿ ಒಂದು ಪುರಾವೆ ಸಿಗುವಂತಿರಬೇಕು. ಸಮಿತಿಯ ಕಡತದಲ್ಲಿ ಆ ವಾಕ್ಯಕ್ಕೆ ಒಂದು ಕಾರಣ ಬರೆದಿರಬೇಕು. ಕೆಳಗಿನ ಹಂತಗಳೆಲ್ಲ ಇದನ್ನು ಸಾಧಿಸುವ ದಾರಿಗಳು.

ಹಂತ 1: ಯಾವ ದಾಖಲೆ ಬರೆಯುತ್ತಿದ್ದೀರಿ ಎಂದು ಮೊದಲು ತೀರ್ಮಾನಿಸಿ

ಮಕ್ಕಳು ಕಲಿಯಬೇಕಾದ ಗಣಿತ, ಶಿಕ್ಷಕರು ಕಲಿಸುವ ರೀತಿ, ಕಲಿತದ್ದನ್ನು ಅಳೆಯುವ ವಿಧಾನ ಇವು ಮೂರು ಬೇರೆ ಸಂಗತಿಗಳು. ಎನ್‌ಸಿಟಿಎಂ ಇವನ್ನು ಮೂರು ದಾಖಲೆಗಳಲ್ಲಿ ಬರೆಯಿತು. 1989ರಲ್ಲಿ ಬಂದದ್ದು ಪಠ್ಯಕ್ರಮ ಮತ್ತು ಮೌಲ್ಯಮಾಪನದ ಮಾನದಂಡ, 1991ರಲ್ಲಿ ಬೋಧನೆಯದು, 1995ರಲ್ಲಿ ಮೌಲ್ಯಾಂಕನದ್ದು, ಅಂದರೆ ಮಕ್ಕಳು ಕಲಿತದ್ದನ್ನು ಅಳೆಯುವುದರದು. 2000ದ ಪರಿಷ್ಕರಣೆ ಇವುಗಳ ಸಾರವನ್ನು ಒಂದೇ ಸಂಪುಟಕ್ಕೆ ತಂದಿತು. ಮೊದಲು ಬೇರ್ಪಡಿಸಿ ಬರೆದು ಆಮೇಲೆ ಕೂಡಿಸುವ ಕ್ರಮವೇ ಸುರಕ್ಷಿತ ಎಂದು ನನಗೆ ಅನ್ನಿಸುತ್ತದೆ. ಆರಂಭದಲ್ಲೇ ಬೆರೆಸಿದರೆ ಬೋಧನೆಯ ಭಾಗ ಮುನ್ನುಡಿಯ ಎರಡು ಪ್ಯಾರಾಗಳಿಗೆ ಕುಗ್ಗಿಹೋಗುತ್ತದೆ.

ಅಧಿಕಾರದ ಗೆರೆಯನ್ನೂ ಎಳೆದುಕೊಳ್ಳಿ. ಅಮೆರಿಕದಲ್ಲಿ ಶಿಕ್ಷಣ ರಾಜ್ಯಗಳ ಕೈಯಲ್ಲಿದೆ. ನಮ್ಮಲ್ಲಿ 1976ರ 42ನೇ ತಿದ್ದುಪಡಿಯ ನಂತರ ಅದು ಕೇಂದ್ರ ಮತ್ತು ರಾಜ್ಯಗಳೆರಡೂ ಕಾನೂನು ಮಾಡಬಹುದಾದ ಸಮವರ್ತಿ ಪಟ್ಟಿಯಲ್ಲಿದೆ. ರಾಷ್ಟ್ರೀಯ ಚೌಕಟ್ಟು, ಅದರ ಕೆಳಗೆ ರಾಜ್ಯದ ಚೌಕಟ್ಟು, ಆಮೇಲೆ ಪಠ್ಯವಸ್ತು, ಕೊನೆಗೆ ಪಠ್ಯಪುಸ್ತಕ. ಕರ್ನಾಟಕದಲ್ಲಿ ರಾಜ್ಯದ ಶಿಕ್ಷಣ ಸಂಶೋಧನೆ ಮತ್ತು ತರಬೇತಿ ಇಲಾಖೆಯಾದ ಡಿಎಸ್‌ಇಆರ್‌ಟಿ ಮತ್ತು ಪಠ್ಯಪುಸ್ತಕ ಸಂಘ ಮಾಡಬೇಕಾದ ಕೆಲಸವನ್ನೆಲ್ಲ ರಾಷ್ಟ್ರೀಯ ದಾಖಲೆಯೇ ಮಾಡಹೊರಟರೆ ಅದು ಯಾರಿಗೂ ಒಗ್ಗುವುದಿಲ್ಲ. ಮೇಲಿನ ದಾಖಲೆಯಲ್ಲಿ ಸಾಮರ್ಥ್ಯಗಳಿರಲಿ. ಅಂಗಡಿ, ಹೊಲ, ಜಾತ್ರೆಗಳ ಸಂದರ್ಭಗಳನ್ನು ರಾಜ್ಯಗಳು ತುಂಬಿಕೊಳ್ಳಲಿ.

ಹಂತ 2: ಗುರಿಯನ್ನು ಒಂದು ಪುಟದಲ್ಲಿ ಬರೆಯಿರಿ

2005ರ ಚೌಕಟ್ಟಿಗಾಗಿ ಯಶಪಾಲ್ ಅವರ ಅಧ್ಯಕ್ಷತೆಯ ಸಮಿತಿ 21 ವಿಷಯ ಗುಂಪುಗಳನ್ನು ರಚಿಸಿತ್ತು. ಗಣಿತದ ಗುಂಪಿಗೆ ಚೆನ್ನೈನ ಗಣಿತ ವಿಜ್ಞಾನ ಸಂಸ್ಥೆಯ ಆರ್. ರಾಮಾನುಜಂ ಅಧ್ಯಕ್ಷರಾಗಿದ್ದರು. ಮಗುವಿನ ಆಲೋಚನೆಯೇ ಗಣಿತೀಯವಾಗುವುದು ಮುಖ್ಯ ಗುರಿ ಎಂದು ಆ ಗುಂಪು ಹೇಳಿತು. ಲೆಕ್ಕ ಮಾಡುವ ಕೌಶಲವಷ್ಟೇ ಸಿಕ್ಕರೆ ಅದು ಕಿರಿದಾದ ಗುರಿ ಎಂದಿತು. ಜೊತೆಗೆ ನಾಲ್ಕು ಕಾಯಿಲೆಗಳನ್ನು ನೇರವಾಗಿ ಹೆಸರಿಸಿತು: ಹೆಚ್ಚಿನ ಮಕ್ಕಳಲ್ಲಿರುವ ಭಯ ಮತ್ತು ಸೋಲಿನ ಭಾವ, ಪ್ರತಿಭಾವಂತ ಕೆಲವರನ್ನೂ ಹಿಂದುಳಿದ ಹಲವರನ್ನೂ ಒಟ್ಟಿಗೆ ನಿರಾಸೆಗೊಳಿಸುವ ಪಠ್ಯಕ್ರಮ, ಒರಟು ಪರೀಕ್ಷಾ ಕ್ರಮ, ಶಿಕ್ಷಕರಿಗೆ ಸಿಗದ ತಯಾರಿ. ನಿಮ್ಮ ಸಮಿತಿಯೂ ಹೀಗೆಯೇ ಗುರಿಯನ್ನೂ ಕಾಯಿಲೆಗಳನ್ನೂ ಒಂದೇ ಹಾಳೆಯಲ್ಲಿ ಬರೆದುಕೊಳ್ಳಲಿ. ಮುಂದೆ ಯಾವುದೇ ವಾಕ್ಯದ ಬಗ್ಗೆ ಜಗಳವಾದಾಗ ಆ ಹಾಳೆಯನ್ನು ತೆಗೆದು ನೋಡಿದರೆ ಅರ್ಧ ಜಗಳ ಅಲ್ಲೇ ಮುಗಿಯುತ್ತದೆ.

ಹಂತ 3: ಯಾರನ್ನು ಕೂರಿಸಬೇಕು

1986ರಲ್ಲಿ ಥಾಮಸ್ ರಾಂಬರ್ಗ್ ಅವರ ಅಧ್ಯಕ್ಷತೆಯಲ್ಲಿ ಎನ್‌ಸಿಟಿಎಂ ಮಾನದಂಡಗಳಿಗಾಗಿ ಒಂದು ಆಯೋಗವನ್ನು ರಚಿಸಿತು. 1989ರ ದಾಖಲೆಗೆ ಎಷ್ಟು ಮೆಚ್ಚುಗೆ ಬಂತೋ ಮುಂದಿನ ದಶಕದಲ್ಲಿ ಅಷ್ಟೇ ವಿರೋಧವೂ ಬಂತು. ವೃತ್ತಿನಿರತ ಗಣಿತಜ್ಞರ ಮಾತು ಸಾಕಷ್ಟು ಕೇಳಿಸಲಿಲ್ಲ ಎಂಬುದು ಮುಖ್ಯ ದೂರುಗಳಲ್ಲೊಂದು. ಕ್ಯಾಲಿಫೋರ್ನಿಯಾದಲ್ಲಿ ಅದು ಗಣಿತ ಯುದ್ಧ ಎಂದೇ ಹೆಸರಾಯಿತು. 1999ರಲ್ಲಿ ಇನ್ನೂರಕ್ಕೂ ಹೆಚ್ಚು ಗಣಿತಜ್ಞರು ಮತ್ತು ವಿಜ್ಞಾನಿಗಳು ಶಿಕ್ಷಣ ಕಾರ್ಯದರ್ಶಿ ರಿಚರ್ಡ್ ರೈಲಿ ಅವರಿಗೆ ಬಹಿರಂಗ ಪತ್ರ ಬರೆದು, ಸರ್ಕಾರ ಶಿಫಾರಸು ಮಾಡಿದ್ದ ಹೊಸ ಪಠ್ಯಸಾಮಗ್ರಿಗಳನ್ನು ಹಿಂತೆಗೆದುಕೊಳ್ಳಲು ಕೋರಿದರು. ಈ ಪಾಠವನ್ನು ಎನ್‌ಸಿಟಿಎಂ ಅಷ್ಟರಲ್ಲೇ ಕಲಿತಿತ್ತು. ಜೋನ್ ಫೆರಿನಿ ಮಂಡಿ ಅವರ ನೇತೃತ್ವದ 2000ದ ಬರವಣಿಗೆ ತಂಡ ಶುರುವಿನಲ್ಲೇ ಗಣಿತಜ್ಞರ ಸಂಘಗಳನ್ನು ಸಂಪರ್ಕಿಸಿ, ಅವುಗಳೊಳಗೆ ಪರಿಶೀಲನಾ ಗುಂಪುಗಳನ್ನು ಏರ್ಪಡಿಸಿಕೊಂಡು, ಬರೆಯುವ ಹೊತ್ತಿನಲ್ಲೇ ಪ್ರಶ್ನೆ ಕೇಳಿ ಲಿಖಿತ ಉತ್ತರ ಪಡೆಯಿತು.

ನಮ್ಮ ಸಮಿತಿಗಳಲ್ಲಿ ಗಣಿತಜ್ಞರಿಗಿಂತ ಹೆಚ್ಚಾಗಿ ಮರೆತುಹೋಗುವವರು ಕಿರಿಯ ಪ್ರಾಥಮಿಕ ಶಾಲೆಯ ಶಿಕ್ಷಕಿಯರು. 1995ರಲ್ಲಿ ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ ಶುರುವಾದ ನಲಿ-ಕಲಿಯಲ್ಲಿ ಬೇರೆ ಬೇರೆ ತರಗತಿಯ ಮಕ್ಕಳು ಒಂದೇ ಕೋಣೆಯಲ್ಲಿ ಕೂತು ತಂತಮ್ಮ ವೇಗದಲ್ಲಿ ಕಲಿಕಾ ಏಣಿ ಹತ್ತುತ್ತಾರೆ. ಒಂದನೆಯ ತರಗತಿಗೆ ಇಷ್ಟು, ಎರಡನೆಯದಕ್ಕೆ ಇಷ್ಟು ಎಂದು ಖಾನೆ ಹಾಕಿದ ಮಾನದಂಡ ಅಂಥ ಕೋಣೆಯಲ್ಲಿ ಹೇಗೆ ನಡೆಯುತ್ತದೆ ಎಂದು ಹೇಳಬಲ್ಲವರು ಅಲ್ಲಿ ಕಲಿಸುವವರೇ. ವಿಶೇಷ ಅಗತ್ಯವುಳ್ಳ ಮಕ್ಕಳಿಗೆ ಕಲಿಸುವವರೊಬ್ಬರೂ ಇರಬೇಕು.

ಭಾಷೆಗಳ ಪ್ರತಿನಿಧಿಗಳನ್ನೂ ಬಿಡಬೇಡಿ. ನೂರರವರೆಗೆ ಎಣಿಸುವುದನ್ನು ಇಡೀ ದೇಶಕ್ಕೆ ಒಂದೇ ವಯಸ್ಸಿಗೆ ನಿಗದಿ ಮಾಡುವುದು ಸುಲಭ. ಆದರೆ ಇಪ್ಪತ್ತೊಂದು, ಮೂವತ್ತೊಂದು, ನಲವತ್ತೊಂದು ಎಂದು ಹತ್ತು ಮತ್ತು ಬಿಡಿಗಳನ್ನು ಕ್ರಮವಾಗಿ ಹೇಳುವ ಕನ್ನಡದ ಮಗುವಿಗೆ ಸ್ಥಾನಬೆಲೆಯ ಸುಳಿವು ಮಾತಿನಲ್ಲೇ ಸಿಗುತ್ತದೆ. ಹಿಂದಿಯಲ್ಲಿ ನೂರರೊಳಗಿನ ಬಹುಪಾಲು ಸಂಖ್ಯೆಗಳ ಹೆಸರುಗಳನ್ನು ಒಂದೊಂದಾಗಿ ನೆನಪಿಡಬೇಕು. ಗುರಿ ಒಂದೇ ಆದರೂ ಅದಕ್ಕೆ ಬೇಕಾಗುವ ಕಾಲ ಒಂದೇ ಅಲ್ಲ.

ಹಂತ 4: ಒಂದು ವಾಕ್ಯವನ್ನು ಸರಿಯಾಗಿ ಬರೆಯುವುದು

ಇಡೀ ಕೆಲಸದ ಜೀವ ಇಲ್ಲಿದೆ. ಹೊಸದಾಗಿ ಬರೆಯುವವರು ಇದಕ್ಕೆ ಬೇಕಾದಷ್ಟು ಸಮಯ ಕೊಡಬೇಕು.

“ವಿದ್ಯಾರ್ಥಿಗಳು ಭಿನ್ನರಾಶಿಯ ಪರಿಕಲ್ಪನೆಯನ್ನು ಅರ್ಥಮಾಡಿಕೊಳ್ಳುತ್ತಾರೆ.” ಈ ವಾಕ್ಯವನ್ನು ಸಭೆಯಲ್ಲಿ ಯಾರೂ ಆಕ್ಷೇಪಿಸುವುದಿಲ್ಲ. ಅದೇ ಅದರ ದೋಷ. ನಾಲ್ಕು ಭಾಗ ಮಾಡಿದ ವೃತ್ತದಲ್ಲಿ ಮೂರಕ್ಕೆ ಬಣ್ಣ ಹಚ್ಚಿದ ಮಗು ಈ ವಾಕ್ಯದ ಪ್ರಕಾರ ಕಲಿತಿದೆ. ಅದೇ ಮಗು 1/2 ಮತ್ತು 1/3 ಕೂಡಿಸಿ 2/5 ಎಂದು ಬರೆಯಬಹುದು. ಅರ್ಧಕ್ಕೆ ಇನ್ನೇನನ್ನೋ ಸೇರಿಸಿದ ಮೇಲೆ ಬಂದ ಉತ್ತರ ಅರ್ಧಕ್ಕಿಂತ ಚಿಕ್ಕದು! ಮಗುವಿಗೆ ಇದು ವಿಚಿತ್ರವಾಗಿ ಕಾಣದಿರಲು ಕಾರಣವಿದೆ. ಅದರ ಕಣ್ಣಿಗೆ ಭಿನ್ನರಾಶಿ ಒಂದು ಸಂಖ್ಯೆಯಲ್ಲ. ಗೆರೆಯ ಮೇಲೊಂದು, ಕೆಳಗೊಂದು, ಹೀಗೆ ಎರಡು ಸಂಖ್ಯೆಗಳು. ಹಾಗಾದರೆ ಮಾನದಂಡ ಹಿಡಿಯಬೇಕಾದ್ದು ಇದನ್ನೇ: ಭಿನ್ನರಾಶಿ ತನ್ನದೇ ಸ್ಥಾನವುಳ್ಳ ಒಂದು ಸಂಖ್ಯೆ ಎಂಬ ತಿಳಿವು.

ತಿದ್ದಿದ ವಾಕ್ಯ ಹೀಗಿರಬಹುದು: “0ಯಿಂದ 1ರವರೆಗಿನ ಸಂಖ್ಯಾರೇಖೆಯ ಮೇಲೆ 1/2, 1/3, 2/3, 1/4, 3/4ಗಳ ಸ್ಥಾನ ಗುರುತಿಸುತ್ತಾರೆ; ಇವುಗಳಲ್ಲಿ ಯಾವುದೇ ಎರಡನ್ನು ಕೊಟ್ಟಾಗ ದೊಡ್ಡದು ಯಾವುದೆಂದು ಹೇಳಿ, ಚಿತ್ರದಿಂದಲೋ ಮಾತಿನಿಂದಲೋ ಕಾರಣ ಕೊಡುತ್ತಾರೆ.” ಈಗ ಶಿಕ್ಷಕಿಗೆ ಏನು ಕೇಳಬೇಕು ಎಂಬುದು ಗೊತ್ತು, ಪಾಲಕರಿಗೂ ಏನು ನೋಡಬೇಕು ಎಂಬುದು ಗೊತ್ತು. ಮಿತಿಯನ್ನು ಬರೆದಿರುವುದನ್ನೂ ಗಮನಿಸಿ. 2010ರಲ್ಲಿ ಅಮೆರಿಕದ ರಾಜ್ಯಗಳು ಸೇರಿ ತಂದ ಕಾಮನ್ ಕೋರ್ ಮಾನದಂಡಗಳು ಮೂರನೆಯ ತರಗತಿಯಲ್ಲೇ ಭಿನ್ನರಾಶಿಯನ್ನು ಸಂಖ್ಯಾರೇಖೆಗೆ ತಂದವು, ಆದರೆ ಛೇದಗಳನ್ನು 2, 3, 4, 6, 8ಕ್ಕೆ ಸೀಮಿತಗೊಳಿಸಿದವು. ಮಿತಿ ಬರೆಯದಿದ್ದರೆ ಪ್ರಶ್ನೆಪತ್ರಿಕೆ ತಯಾರಿಸುವವರು 7/13 ಮತ್ತು 9/17ನ್ನು ಹೋಲಿಸಲು ಕೇಳುತ್ತಾರೆ, ಮಗು ಮತ್ತೆ ಬಾಯಿಪಾಠದ ಸೂತ್ರಕ್ಕೆ ಮರಳುತ್ತದೆ.

ಪ್ರತಿ ವಾಕ್ಯದ ಕೆಳಗೆ ಮೂರು ವಸ್ತುಗಳನ್ನು ಲಗತ್ತಿಸಿ: ಒಂದು ಮಗುವಿನ ಸರಿಯಾದ ಉತ್ತರದ ಮಾದರಿ, ಮಕ್ಕಳು ಸಾಮಾನ್ಯವಾಗಿ ಮಾಡುವ ಒಂದು ತಪ್ಪು ಮತ್ತು ಅದರ ಹಿಂದಿನ ಯೋಚನೆ, ಈ ಕಲಿಕೆ ಮುಂದಿನ ತರಗತಿಯಲ್ಲಿ ಎಲ್ಲಿ ಬಳಕೆಗೆ ಬರುತ್ತದೆ ಎಂಬ ಒಂದು ಸಾಲು.

ಆಮೇಲೆ ಪರೀಕ್ಷೆ. ಪರಸ್ಪರ ಪರಿಚಯವಿಲ್ಲದ ಇಬ್ಬರು ಶಿಕ್ಷಕರಿಗೆ ವಾಕ್ಯವನ್ನು ಮಾತ್ರ ಕೊಟ್ಟು, ಇದನ್ನು ಅಳೆಯುವ ಒಂದು ಪ್ರಶ್ನೆ ಬರೆಯಿರಿ ಎನ್ನಿ. ಇಬ್ಬರ ಪ್ರಶ್ನೆಗಳ ಮಟ್ಟದಲ್ಲಿ ಅಜಗಜಾಂತರವಿದ್ದರೆ ವಾಕ್ಯವನ್ನು ಮತ್ತೆ ಬರೆಯಬೇಕು. ಹಾಗೆಂದು ಇನ್ನೊಂದು ತುದಿಗೂ ಹೋಗಬೇಡಿ. ಸಾಮರ್ಥ್ಯಗಳನ್ನು ನುಚ್ಚುನೂರು ಮಾಡಿ ನೂರಾರು ಸಾಲು ಮಾಡಿದರೆ ಶಿಕ್ಷಕರ ಪಾಲಿಗೆ ಉಳಿಯುವುದು ಟಿಕ್ ಹಾಕುವ ಕೆಲಸ. ಒಂದು ತರಗತಿಯ ಮಾನದಂಡ ಎರಡು ಪುಟಗಳಲ್ಲಿ ಮುಗಿಯಬೇಕೆಂಬುದು ನನ್ನ ಹಟ.

ಹಂತ 5: ತರಗತಿಯಿಂದ ತರಗತಿಗೆ ಕೊಂಡಿ, ಮತ್ತು ಅವಧಿಗಳ ಲೆಕ್ಕ

ಒಂದು ವಿಷಯವನ್ನು ಹಿಡಿದು ಒಂದರಿಂದ ಹತ್ತನೆಯ ತರಗತಿಯವರೆಗೆ ಓದಿ. ಒಂದೇ ಮಾತು ಮೂರು ತರಗತಿಗಳಲ್ಲಿ ಪುನರಾವರ್ತನೆಯಾಗಿದೆಯೇ? ಆರನೆಯ ತರಗತಿಯಲ್ಲಿ ಬಳಸುವ ಅನುಪಾತಕ್ಕೆ ಬೇಕಾದ ಭಿನ್ನರಾಶಿ ಐದರಲ್ಲಿ ಮುಗಿದಿದೆಯೇ? ಎನ್‌ಸಿಟಿಎಂನ 2000ದ ದಾಖಲೆ ತರಗತಿಗಳನ್ನು ನಾಲ್ಕು ಗುಂಪುಗಳಾಗಿ ಮಾಡಿತ್ತು. ಮೂರರಿಂದ ಐದರವರೆಗೆ ಒಂದೇ ಗುಂಪು ಎಂದಾಗ, ಯಾವ ವರ್ಷ ಯಾವುದಕ್ಕೆ ಒತ್ತು ಎಂಬುದನ್ನು ರಾಜ್ಯಗಳು ತಮಗೆ ತೋಚಿದಂತೆ ಬರೆದುಕೊಂಡವು. ಕೊನೆಗೆ 2006ರಲ್ಲಿ ಸಂಘವೇ ಎಂಟನೆಯ ತರಗತಿಯವರೆಗೆ, ತರಗತಿಗೆ ಮೂರರಂತೆ, ಒತ್ತಿನ ಬಿಂದುಗಳನ್ನು ಪ್ರಕಟಿಸಬೇಕಾಯಿತು. ನಮ್ಮ 2023ರ ಚೌಕಟ್ಟಿನಲ್ಲೂ ಪಠ್ಯಕ್ರಮದ ಗುರಿಗಳು ಮತ್ತು ಸಾಮರ್ಥ್ಯಗಳು ಹಂತವಾರು ಇವೆ. ಅವನ್ನು ತರಗತಿವಾರು ಕಲಿಕಾ ಫಲಗಳಾಗಿ ಇಳಿಸುವ ಕೆಲಸವನ್ನು ರಾಜ್ಯಗಳು ಈ ಕೊಂಡಿಗಳನ್ನು ನೋಡಿಕೊಂಡೇ ಮಾಡಬೇಕು.

ಆಮೇಲೆ ಪ್ರತಿ ವಾಕ್ಯದ ಪಕ್ಕ ಬೇಕಾಗುವ ಅವಧಿಗಳನ್ನು ಬರೆದು ಕೂಡಿಸಿ. ಶಾಲೆಯಲ್ಲಿ ನಿಜವಾಗಿ ಸಿಗುವ ಅವಧಿಗಳನ್ನು ಮೊತ್ತ ಮೀರಿದರೆ ಕತ್ತರಿಸಲೇಬೇಕು. ಆದರೆ ಎಷ್ಟು? ಜಪಾನ್ 1998ರಲ್ಲಿ ಪ್ರಕಟಿಸಿ 2002ರಲ್ಲಿ ಜಾರಿಗೆ ತಂದ ಪರಿಷ್ಕರಣೆಯಲ್ಲಿ ಪಠ್ಯವನ್ನು ಸುಮಾರು ಶೇ 30ರಷ್ಟು ಇಳಿಸಿತು. ಮಕ್ಕಳ ಮೇಲಿನ ಒತ್ತಡ ತಗ್ಗಿಸುವ ಒಳ್ಳೆಯ ಉದ್ದೇಶವೇ ಅದರ ಹಿಂದಿತ್ತು. 2008ರ ಪರಿಷ್ಕರಣೆಯಲ್ಲಿ ಗಣಿತದ ಅವಧಿಗಳನ್ನೂ ಪಠ್ಯಾಂಶವನ್ನೂ ಮತ್ತೆ ಏರಿಸಬೇಕಾಯಿತು.

ಹಂತ 6: ಬೋಧನೆಗೂ ಮಾನದಂಡ ಬರೆಯಿರಿ

1991ರ ದಾಖಲೆ ನನಗೆ ಅತ್ಯಂತ ಪ್ರಿಯವಾದದ್ದು. ಬೋಧನೆಯ ಬಗ್ಗೆ ಅದರಲ್ಲಿರುವುದು ಆರೇ ಮಾನದಂಡಗಳು: ಯೋಚನೆಗೆ ಹಚ್ಚುವ ಗಣಿತದ ಕೆಲಸ, ಚರ್ಚೆಯಲ್ಲಿ ಶಿಕ್ಷಕರ ಪಾತ್ರ, ಅದರಲ್ಲಿ ಮಕ್ಕಳ ಪಾತ್ರ, ಚರ್ಚೆಗೆ ನೆರವಾಗುವ ಸಾಧನಗಳು, ಕಲಿಕೆಯ ವಾತಾವರಣ, ಕಲಿಸಿದ್ದರ ಮತ್ತು ಕಲಿತದ್ದರ ವಿಶ್ಲೇಷಣೆ. ಆರರಲ್ಲಿ ಮೂರು ತರಗತಿಯಲ್ಲಿ ನಡೆಯುವ ಮಾತಿನ ಬಗ್ಗೆ ಇವೆ. ಗಣಿತದ ಕೋಣೆ ನಿಶ್ಶಬ್ದವಾಗಿದ್ದರೆ ಪಾಠ ಚೆನ್ನಾಗಿ ನಡೆಯುತ್ತಿದೆ ಎಂದು ನಂಬುವ ನಮ್ಮ ಶಾಲೆಗಳಿಗೆ ಇದು ಮುಖ್ಯವಾದ ಸಂಗತಿ.

ಬರೆಯುವಾಗ ಶಿಕ್ಷಕರ ನಡೆಯನ್ನು ಮಗುವಿನ ಕಲಿಕೆಯೊಂದಿಗೆ ಜೋಡಿಸಿ. “ಚಟುವಟಿಕೆ ಆಧಾರಿತ ಬೋಧನೆ ಮಾಡುತ್ತಾರೆ” ಎಂಬ ವಾಕ್ಯ ಬೇಡ. “ಒಂದು ಲೆಕ್ಕಕ್ಕೆ ಮಕ್ಕಳು ಕಂಡುಕೊಂಡ ಕನಿಷ್ಠ ಎರಡು ದಾರಿಗಳನ್ನು ಕಪ್ಪುಹಲಗೆಯ ಮೇಲೆ ಅಕ್ಕಪಕ್ಕ ಬರೆಸಿ, ಎರಡರಲ್ಲೂ ಒಂದೇ ಉತ್ತರ ಬಂದದ್ದೇಕೆ ಎಂದು ಕೇಳುತ್ತಾರೆ” ಎಂದು ಬರೆಯಿರಿ. ಪ್ರತಿ ಬೋಧನಾ ಮಾನದಂಡದ ಎದುರು ವ್ಯವಸ್ಥೆಯ ಹೊಣೆಯನ್ನೂ ನಮೂದಿಸಿ: ಎಷ್ಟು ದಿನದ ತರಬೇತಿ, ಯಾವ ಸಾಮಗ್ರಿ, ಒಂದು ಕೋಣೆಗೆ ಎಷ್ಟು ಮಕ್ಕಳು. ಹೊಣೆಯ ಕಾಲಂ ಖಾಲಿಯಿದ್ದರೆ ಮಾನದಂಡ ತಪಾಸಣೆಯ ಪಟ್ಟಿಯಾಗಿ ಬದಲಾಗುತ್ತದೆ, ಶಿಕ್ಷಕರನ್ನು ಹೆದರಿಸುವ ಅಸ್ತ್ರವಾಗುತ್ತದೆ.

ಹಂತ 7: ಕಡಿಮೆ ಮಾಡುವುದನ್ನು ಹೇಳುವಾಗ ಎರಡು ಪಟ್ಟು ಎಚ್ಚರ

1989ರ ದಾಖಲೆಯಲ್ಲಿ ಹೆಚ್ಚು ಗಮನ, ಕಡಿಮೆ ಗಮನ ಎಂಬ ಎರಡು ಪಟ್ಟಿಗಳಿದ್ದವು. ಸಂಖ್ಯಾಪ್ರಜ್ಞೆ, ಅಂದಾಜು, ಮನೋಗಣಿತ, ಭಿನ್ನರಾಶಿ ಮತ್ತು ದಶಮಾಂಶಗಳ ಅರ್ಥ ಇವಕ್ಕೆ ಹೆಚ್ಚು. ದೀರ್ಘ ಭಾಗಾಕಾರ, ಕಾಗದದ ಮೇಲಿನ ಜಟಿಲ ಲೆಕ್ಕಾಚಾರ, ಭಿನ್ನರಾಶಿಗಳ ಕಾಗದದ ಲೆಕ್ಕಗಳಿಗೆ ನಾಲ್ಕನೆಯ ತರಗತಿಯವರೆಗೆ ಕಡಿಮೆ. ಬರೆದವರ ಮನಸ್ಸಿನಲ್ಲಿದ್ದದ್ದು ಪ್ರಮಾಣದ ಮಾತು. ಹಲವರು ಅದನ್ನು ಓದಿಕೊಂಡದ್ದು ದೀರ್ಘ ಭಾಗಾಕಾರ ಇನ್ನು ಬೇಡ ಎಂದು. ಪಟ್ಟಿಯ ಪಕ್ಕದಲ್ಲಿ ಕಾರಣವಿರಲಿಲ್ಲ, ಎಷ್ಟು ಕಲಿಸಬೇಕು ಎಂಬ ತಳದ ಗೆರೆಯೂ ಇರಲಿಲ್ಲ. ಪಾಲಕರ ಆತಂಕವೆಲ್ಲ ಆ ಪಟ್ಟಿಯ ಸುತ್ತ ಬೆಳೆಯಿತು.

2000ದ ದಾಖಲೆ ಇದನ್ನು ತಿದ್ದಿತು. ಪರಿಣಾಮಕಾರಿಯಾದ, ನಿಖರವಾದ ಲೆಕ್ಕಾಚಾರದ ವಿಧಾನಗಳು ಮಕ್ಕಳ ಕೈವಶವಾಗಿರಬೇಕು ಎಂದು ನೇರವಾಗಿ ಬರೆಯಿತು. 2006ರ ಒತ್ತಿನ ಬಿಂದುಗಳು ನಾಲ್ಕನೆಯ ತರಗತಿಯಲ್ಲಿ ಗುಣಾಕಾರದ ಸಂಗತಿಗಳು ತಟ್ಟನೆ ನೆನಪಿಗೆ ಬರುವಂತಿರಬೇಕು ಎಂದವು. ನಮ್ಮಲ್ಲಿ ಮಗ್ಗಿಯ ಕುರಿತು ಇದೇ ಬಗೆಯ ವಾದ ಆಗಾಗ ಏಳುತ್ತದೆ. ಮಗ್ಗಿ ಬೇಕೋ ಬೇಡವೋ ಎಂದು ಮತಕ್ಕೆ ಹಾಕುವ ಬದಲು ಹೀಗೆ ಬರೆಯಿರಿ: ಎಷ್ಟರ ಮಗ್ಗಿಯವರೆಗೆ ಸರಾಗವಾಗಿರಬೇಕು, ಯಾವ ತರಗತಿಯ ಕೊನೆಗೆ, 7×8 ಮರೆತ ಮಗು 7×7ರಿಂದ ಅದನ್ನು ಕಟ್ಟಿಕೊಳ್ಳಬಲ್ಲದೇ. ಯಾವುದನ್ನಾದರೂ ಕಡಿಮೆ ಮಾಡಿದರೆ ಕಾರಣ, ತಳದ ಗೆರೆ, ಉಳಿದ ಸಮಯ ಎಲ್ಲಿ ವಿನಿಯೋಗವಾಗುತ್ತದೆ ಎಂಬ ಮೂರನ್ನೂ ಅದೇ ಪುಟದಲ್ಲಿ ಹೇಳಿ.

ಹಂತ 8: ಕರಡನ್ನು ಜನರ ಮುಂದಿಡುವುದು, ಬಂದ ಅಭಿಪ್ರಾಯಕ್ಕೆ ಉತ್ತರ ಕೊಡುವುದು

1998ರ ಅಕ್ಟೋಬರಿನಲ್ಲಿ ಎನ್‌ಸಿಟಿಎಂ ಸುಮಾರು 30,000 ಪ್ರತಿಗಳಲ್ಲಿ ಕರಡನ್ನು ಹಂಚಿತು, ಅಂತರಜಾಲದಲ್ಲೂ ಇಟ್ಟಿತು. 650ಕ್ಕೂ ಹೆಚ್ಚು ವ್ಯಕ್ತಿಗಳು, 70ಕ್ಕೂ ಹೆಚ್ಚು ಗುಂಪುಗಳು ಅಭಿಪ್ರಾಯ ಕಳಿಸಿದವು. ಅದಕ್ಕಿಂತ ಮುಖ್ಯವಾದದ್ದು ಆಮೇಲಿನ ನಡೆ. ಬಂದ ಅಭಿಪ್ರಾಯಗಳನ್ನು ತಾನು ಸರಿಯಾಗಿ ಪರಿಗಣಿಸುತ್ತಿದ್ದೇನೆಯೇ ಎಂದು ಪರಿಶೀಲಿಸಲು ಸಂಘವು ಹೊರಗಿನ ಸಂಸ್ಥೆಯಾದ ಅಮೆರಿಕದ ರಾಷ್ಟ್ರೀಯ ಸಂಶೋಧನಾ ಮಂಡಳಿಯನ್ನು ತಾನಾಗಿಯೇ ಕೇಳಿಕೊಂಡಿತು. ನಮ್ಮ ಸಮಿತಿಗಳೂ ಹೀಗೆ ಹೊರಗಿನವರ ಕಣ್ಣಿಗೆ ತಮ್ಮ ಕಡತ ತೆರೆದರೆ ಶಿಕ್ಷಕರ ನಂಬಿಕೆ ಎಷ್ಟೋ ಹೆಚ್ಚುತ್ತದೆ.

ಸಮಿತಿ ಮಾಡಬೇಕಾದ್ದು: ಕರಡನ್ನು ರಾಜ್ಯ ಭಾಷೆಗಳಲ್ಲಿ ಕೊಡಿ. ಇಂಗ್ಲಿಷಿನಲ್ಲಿ ಮಾತ್ರ ಕೊಟ್ಟರೆ ಹಳ್ಳಿಯ ಅನುಭವಿ ಶಿಕ್ಷಕರ ಅಭಿಪ್ರಾಯ ಬರುವುದೇ ಇಲ್ಲ. ಪರೀಕ್ಷೆಯ ತಿಂಗಳುಗಳಲ್ಲಿ ಗಡುವು ಇಡಬೇಡಿ. ಪ್ರತಿ ವಾಕ್ಯಕ್ಕೂ ಸಂಖ್ಯೆ ಕೊಡಿ. ಬಂದ ಅಭಿಪ್ರಾಯವನ್ನು ಒಪ್ಪಲಾಗಿದೆ, ಭಾಗಶಃ ಒಪ್ಪಲಾಗಿದೆ, ಒಪ್ಪಿಲ್ಲ ಎಂದು ವಿಂಗಡಿಸಿ, ಕಾರಣಸಹಿತ ಪ್ರಕಟಿಸಿ.

ಶಿಕ್ಷಕರು ಮಾಡಬೇಕಾದ್ದು: ಇಡೀ ದಾಖಲೆಯ ಬಗ್ಗೆ ಪತ್ರ ಬರೆಯಬೇಡಿ. ನಿಮ್ಮ ತರಗತಿಯ ಪುಟವನ್ನು ಮಾತ್ರ ತೆಗೆದುಕೊಂಡು ನಾಲ್ಕು ಕಾಲಂ ಎಳೆಯಿರಿ: ವಾಕ್ಯದ ಸಂಖ್ಯೆ, ತೊಂದರೆ ಏನು, ಪುರಾವೆ, ನೀವು ಸೂಚಿಸುವ ವಾಕ್ಯ. ಪುರಾವೆಗೆ ಮಕ್ಕಳ ನೋಟ್‌ಬುಕ್ಕಿನ ಪುಟಗಳ ಫೋಟೊ ಸಾಕು, ಹೆಸರು ಮುಚ್ಚಿ. ಕ್ಲಸ್ಟರ್ ಸಭೆಯಲ್ಲಿ ಹತ್ತು ಮಂದಿ ಸೇರಿ ಇದನ್ನು ಮಾಡಿದರೆ ಒಂದು ಮಧ್ಯಾಹ್ನದ ಕೆಲಸ. ಹೀಗೆ ಬಂದ ಅಭಿಪ್ರಾಯವನ್ನು ಪಕ್ಕಕ್ಕಿಡುವುದು ಯಾವ ಸಮಿತಿಗೂ ಸುಲಭವಲ್ಲ.

ಹಂತ 9: ಜಾರಿಗೆ ಮುನ್ನ ಶಾಲೆಯಲ್ಲಿ ಪ್ರಯೋಗ, ಪರೀಕ್ಷೆಯಲ್ಲಿ ಬದಲಾವಣೆ

ಬೇರೆ ಬೇರೆ ಬಗೆಯ ಕೆಲವು ಶಾಲೆಗಳಲ್ಲಿ ಒಂದು ವರ್ಷ ನಡೆಸಿ ನೋಡಿ. ಆ ವರ್ಷದಲ್ಲೇ ಮಾದರಿ ಪ್ರಶ್ನೆಗಳನ್ನು ಸಿದ್ಧಪಡಿಸಿ. ಎಸ್‌ಎಸ್‌ಎಲ್‌ಸಿ ಪ್ರಶ್ನೆಪತ್ರಿಕೆ ಹಳೆಯದೇ ಆಗಿದ್ದರೆ ಎಂಟನೆಯ ತರಗತಿಯಿಂದಲೇ ಬೋಧನೆಯೂ ಹಳೆಯದೇ ಆಗಿರುತ್ತದೆ. ಎಷ್ಟು ಸುಂದರವಾದ ಮಾನದಂಡವಿದ್ದರೂ ಶಿಕ್ಷಕರೂ ಪಾಲಕರೂ ನೋಡುವುದು ಅಂಕಗಳತ್ತ. ಕಾರಣ ಕೊಡುವುದನ್ನು ಮಾನದಂಡ ಕೇಳುತ್ತದೆ ಎಂದಾದರೆ ಕಾರಣಕ್ಕೆ ಅಂಕವೂ ಇರಬೇಕು.

ಹಂತ 10: ಮುಂದಿನ ಪರಿಷ್ಕರಣೆಯ ದಿನಾಂಕವನ್ನು ಈಗಲೇ ಬರೆಯಿರಿ

ಜಪಾನ್ ಸುಮಾರು ಹತ್ತು ವರ್ಷಕ್ಕೊಮ್ಮೆ ತಿದ್ದುತ್ತದೆ. ನಮ್ಮ ಚೌಕಟ್ಟುಗಳು 1975, 1988, 2000, 2005, 2023ರಲ್ಲಿ ಬಂದವು. ಒಮ್ಮೆ ಐದು ವರ್ಷದ ಅಂತರ, ಇನ್ನೊಮ್ಮೆ ಹದಿನೆಂಟು. 2005ರಲ್ಲಿ ಒಂದನೆಯ ತರಗತಿಗೆ ಸೇರಿದ ಮಗು ಶಾಲೆ, ಕಾಲೇಜು ಮುಗಿಸಿ ತಾನೇ ಶಿಕ್ಷಕನಾಗುವಷ್ಟು ಕಾಲ ಅದು.

ತಿದ್ದುಪಡಿಯನ್ನು ಮೂರು ಬಗೆಯಾಗಿ ವಿಂಗಡಿಸಿ. ಮುದ್ರಣದೋಷ ಮತ್ತು ಅಸ್ಪಷ್ಟ ವಾಕ್ಯಗಳನ್ನು ಪ್ರತಿ ವರ್ಷ ಸರಿಪಡಿಸಿ. ಮೂರು ಅಥವಾ ನಾಲ್ಕು ವರ್ಷಕ್ಕೊಮ್ಮೆ, ಯಾವ ವಾಕ್ಯಗಳನ್ನು ಹೆಚ್ಚಿನ ಮಕ್ಕಳು ತಲುಪುತ್ತಿಲ್ಲ ಎಂದು ನೋಟ್‌ಬುಕ್ಕುಗಳನ್ನು ತರಿಸಿ ನೋಡಿ, ಅವುಗಳ ತರಗತಿ ಅಥವಾ ಮಿತಿಯನ್ನು ಬದಲಿಸಿ. ಗುರಿಯ ಪುಟವನ್ನೇ ಮತ್ತೆ ಚರ್ಚೆಗೆ ತೆಗೆಯುವುದು ಹತ್ತು ವರ್ಷಕ್ಕೊಮ್ಮೆ ಸಾಕು. ಸಮಿತಿ ವಿಸರ್ಜನೆಯಾಗುವ ಮುನ್ನ ಕಾರಣಗಳ ಕಡತವನ್ನು ಸಾರ್ವಜನಿಕರು ಓದುವಂತೆ ಪ್ರಕಟಿಸಿ. ಮುಂದಿನ ಸಮಿತಿಯ ಮೊದಲ ಸಭೆಯಲ್ಲಿ ಅದನ್ನು ಪೂರ್ತಿ ಓದುವುದನ್ನು ನಿಯಮ ಮಾಡಿ, ಹಿಂದಿನ ಸಮಿತಿಯ ಇಬ್ಬರನ್ನಾದರೂ ಆ ಸಭೆಗೆ ಕರೆಸಿ.